ನಾರು ಯಾಕೆ ನಾರುತ್ತದೆ? ಹುಬ್ಬಳ್ಳಿಯ ಒಂದು ಲಾಂಡ್ರಿಯಿಂದ ಬಹಿರಂಗ ಪತ್ರ

ಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ

ಜೊತೆಗೆ, ಟ್ರೆಕ್ಕಿಂಗ್, ಸೈಕಲ್, ಕಬಡ್ಡಿ, ಉಣಕಲ್ ಕೆರೆ ದಂಡೆಯ ವಾಕಿಂಗ್ ಅಂತ ಪಾಲಿಯೆಸ್ಟರ್ ಅಂಗಿ ಹಾಕಿಕೊಂಡು ಬೆವರುವ ನನ್ನ ಊರಿನ ಎಲ್ಲರಿಗೆ.

ಮಾನ್ಯರೇ,

ನಾನು ಹುಬ್ಬಳ್ಳಿಯಲ್ಲಿ ಲಾಂಡ್ರಿ ಅಂಗಡಿ ನಡೆಸುವವನು. ಅಪ್ಪ ಶುರು ಮಾಡಿದ ಅಂಗಡಿ. ಅವರ ಕಾಲಕ್ಕೆ ಒಗೆಯುವ ಕಲ್ಲು, ಸೋಡಾ, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ನನ್ನ ಕಾಲಕ್ಕೆ ಎರಡು ಮೆಷಿನ್, ಒಂದು ಸ್ಟೀಮ್ ಇಸ್ತ್ರಿ. ಬದಲಾಗದೆ ಉಳಿದದ್ದು ಮೂಗು ಮಾತ್ರ. ಗಿರಾಕಿ ಅರಿವೆಯ ಗಂಟು ಕೊಟ್ಟು ಆಚೆ ಹೋದ ಮೇಲೆ ಪ್ರತಿ ಅಂಗಿಯ ಕಾಲರ್, ಕಂಕುಳು ಎರಡನ್ನೂ ಮೂಗಿಗೆ ಹಿಡಿದು ನೋಡುವುದು ನಮ್ಮ ಮನೆಯ ರೂಢಿ. ಕಂಡವರಿಗೆ ಹೇಸಿಗೆ ಅನ್ನಿಸಬಹುದು. ಆದರೆ ಯಾವುದನ್ನು ನೆನೆಹಾಕಬೇಕು, ಯಾವುದಕ್ಕೆ ಬಿಸಿನೀರು, ಯಾವುದು ಸುಮ್ನೆ ಒಂದು ಸುತ್ತು ತಿರುಗಿಸಿದರೆ ಸಾಕು ಅನ್ನುವುದೆಲ್ಲ ಅಲ್ಲೇ ತೀರ್ಮಾನ ಆಗುತ್ತದೆ.

ಪತ್ರ ಕನ್ನಡದಲ್ಲೇ ಇದೆ. "ಅಪ್ಪಾ, ದೆಹಲಿಯವರು ಕನ್ನಡ ಓದ್ತಾರೇನು?" ಅಂತ ಮಗಳು ಕೇಳಿದಳು. ಯಾರಿಂದಾದರೂ ಓದಿಸಿಕೊಳ್ಳಲಿ ಅಂದೆ. ಒಂದು ಅಂಗಿಯೊಳಗಿದ್ದ ಇಂಗ್ಲಿಷ್ ಲೇಬಲ್ ಅನ್ನು ನಾನೂ ಹಾಗೇ ಮಗಳಿಂದ ಓದಿಸಿಕೊಂಡಿದ್ದು. ನೀವು ಓದದೇ ಹೋದರೂ ಊರಿನವರು ಓದುತ್ತಾರಲ್ಲ, ಅದಕ್ಕೇ ಲಕೋಟೆಯಲ್ಲಿ ಹಾಕದೆ ಬಹಿರಂಗವಾಗಿ ಬರೆದೆ.

ವಿಷಯ ಒಂದು ನೀಲಿ ಅಂಗಿಯದು.

ನಮ್ಮ ಹಳೇ ಗಿರಾಕಿಯೊಬ್ಬರ ಮಗ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಶನಿವಾರ ಬಂತೆಂದರೆ ಬೆಟ್ಟ ಹತ್ತುವ ಹುಚ್ಚು. ಟ್ರೆಕ್ಕಿಂಗಿಗೆ ಅಂತಲೇ 2,199 ರೂಪಾಯಿ ಕೊಟ್ಟು ಆ ಅಂಗಿ ತಂದಿದ್ದ. ದುರ್ಗದ ಬೈಲಿನಲ್ಲಿ ಅದೇ ಥರದ ಜೆರ್ಸಿ ಮುನ್ನೂರು, ಮುನ್ನೂರೈವತ್ತಕ್ಕೆ ಸಿಗುತ್ತದೆ. ಇದರಲ್ಲಿ ಏನು ವಿಶೇಷ ಅಂತ ಕೇಳಿದ್ದಕ್ಕೆ ಒಳಗಿನ ಲೇಬಲ್ ತೋರಿಸಿದ. ವಾಸನೆ ಬರುವುದಿಲ್ಲ, ಬೆಳ್ಳಿಯ ತಂತ್ರಜ್ಞಾನ, ಶಾಶ್ವತ ರಕ್ಷಣೆ, 99.9 ಶೇಕಡಾ ಬ್ಯಾಕ್ಟೀರಿಯಾ ನಾಶ. ಇಷ್ಟೆಲ್ಲ ಎರಡು ಬೆರಳಿನ ಅಗಲದ ಚೂರಿನಲ್ಲಿ.

ಹೊಸದರಲ್ಲಿ ಅದು ಸುಳ್ಳಾಗಿರಲಿಲ್ಲ. ಇದನ್ನು ಹೇಳಲೇಬೇಕು. ಎರಡು ದಿನ ಕಪ್ಪತಗುಡ್ಡ ಸುತ್ತಿ ಬಂದ ಅಂಗಿಯನ್ನು ಮೂಗಿಗೆ ಹಿಡಿದರೆ ಮಣ್ಣಿನ ವಾಸನೆ, ಸ್ವಲ್ಪ ಹೊಗೆ ವಾಸನೆ, ಅಷ್ಟೇ. ಬೆವರಿನದು ಇಲ್ಲವೆಂದೇ ಹೇಳಬೇಕು. ನನಗೇ ಬೆರಗಾಯಿತು. ಆಮೇಲೆ ಎಂಟು, ಒಂಬತ್ತು, ಹತ್ತು ಒಗೆತ ಆದವು. ಲೆಕ್ಕ ಹೇಗೆ ಗೊತ್ತು ಅಂದರೆ ನಮ್ಮಲ್ಲಿ ಪ್ರತಿ ಅರಿವೆಗೂ ಗುರುತು, ಪ್ರತಿ ಸರ್ತಿಗೂ ಪುಸ್ತಕದಲ್ಲಿ ಒಂದು ಗೆರೆ. ಹನ್ನೆರಡನೆಯ ಗೆರೆ ಎಳೆಯುವ ಹೊತ್ತಿಗೆ ಅಂಗಿ ಮುನ್ನೂರು ರೂಪಾಯಿಯ ಜೆರ್ಸಿಯ ಹಾಗೇ ನಾರುತ್ತಿತ್ತು.

ಹುಡುಗ ಬಂದ. "ಕಾಕಾ, ಏನ್ ಹಾಕಿ ಒಗದೀರಿ? ಮೊದಲ ಹಿಂಗ ನಾರತಿರಲಿಲ್ಲ." ಅಂಗಡಿಯಲ್ಲಿ ಕೇಳಿದರೆ ಲಾಂಡ್ರಿಯವರು ಕೆಡಿಸಿದ್ದಾರೆ ಅಂದರಂತೆ. ಕಂಪನಿಯ ಫೋನಿಗೆ ಹಚ್ಚಿದರೆ ಸಾಫ್ಟನರ್ ಹಾಕಿರಬೇಕು ಅಂದರಂತೆ. ನಾನು ಹಾಕಿರಲಿಲ್ಲ. ಆಟದ ಅಂಗಿಗೆ ಸಾಫ್ಟನರ್ ಹಾಕಬಾರದು ಅನ್ನುವುದು ನನಗೆ ಲೇಬಲ್ ಓದುವ ಮೊದಲೇ ಗೊತ್ತು. ಅದು ಎಳೆಯ ಮೇಲೆ ಒಂದು ಜಿಡ್ಡಿನ ಪದರ ಕಟ್ಟಿಸುತ್ತದೆ, ಅಂಗಿ ಬೆವರು ಹೀರುವುದೂ ನಿಲ್ಲುತ್ತದೆ. ಆದರೆ ಹುಡುಗ ನಂಬಿದ್ದು ಲೇಬಲ್ಲನ್ನು. ಅಷ್ಟು ದುಡ್ಡು ಸುರಿದವನು ಅದನ್ನೇ ನಂಬಬೇಕಾಗುತ್ತದೆ, ಅಲ್ವಾ? ಕೊನೆಗೆ ಹಳೇ ಗಿರಾಕಿ ಮುರಿಯುವುದು ಬೇಡ ಅಂತ ಅರ್ಧ ದುಡ್ಡು ಕೊಟ್ಟು ಆ ಅಂಗಿಯನ್ನು ನಾನೇ ಇಟ್ಟುಕೊಂಡೆ. ಈಗಲೂ ಅಂಗಡಿಯ ಮೊಳೆಯಲ್ಲಿ ತೂಗುತ್ತಿದೆ.

ದುಡ್ಡು ಹೋದದ್ದಕ್ಕಿಂತ ಹೆಸರು ಹೋದದ್ದು ಜಾಸ್ತಿ ಚುಚ್ಚಿತು. ಒಗೆಯುವುದು ನಮಗೆ ಬರೀ ಹೊಟ್ಟೆಪಾಡಲ್ಲ, ಮಡಿವಾಳ ಮಾಚಿದೇವರ ಕಾಯಕ. ಅದಕ್ಕೇ ಹಟಕ್ಕೆ ಬಿದ್ದೆ. ಮಗಳು ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದಾಳೆ. ಅವಳು ಓದಿ ಹೇಳಿದಳು, ನಾನು ಅಂಗಡಿಯಲ್ಲಿ ಕಂಡದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ಎರಡೂ ಹೊಂದುತ್ತಿದ್ದವು.

ಕನ್ನಡದಲ್ಲಿ ಎಳೆಗೂ ನಾರು ಅನ್ನುತ್ತೇವೆ, ವಾಸನೆ ಹೊಡೆಯುವುದಕ್ಕೂ ನಾರುವುದು ಅನ್ನುತ್ತೇವೆ. ಪಾಲಿಯೆಸ್ಟರ್ ಬರುವ ಎಷ್ಟೋ ಮೊದಲೇ ನಮ್ಮ ಹಿರಿಯರು ಅದಕ್ಕೆ ಹೆಸರಿಟ್ಟು ಕೂತಿದ್ದರು ಅಂತ ನಾನು ತಮಾಷೆ ಮಾಡುವುದುಂಟು. 1941ರಲ್ಲಿ ಇಂಗ್ಲೆಂಡಿನಲ್ಲಿ ಈ ಎಳೆ ಹುಟ್ಟಿತು. ನಮ್ಮಲ್ಲಿಗೆ ಟೆರಿಲಿನ್, ಆಮೇಲೆ ಟೆರಿಕಾಟ್ ಅನ್ನುವ ಹೆಸರಲ್ಲಿ ಬಂತು. ಮುದುರುವುದಿಲ್ಲ, ಬೇಗ ಒಣಗುತ್ತದೆ, ಬಣ್ಣ ಹೋಗುವುದಿಲ್ಲ. "ಟೆರಿಲಿನ್ ಬಂತು, ನಮ್ಮ ಇಸ್ತ್ರಿ ಹೋತು" ಅಂತ ಅಪ್ಪ ಗೊಣಗುತ್ತಿದ್ದರು.

ಬೇಗ ಒಣಗುವ ಆ ಗುಣದಲ್ಲೇ ತೊಂದರೆಯೂ ಇದೆ. ನೂರು ಗ್ರಾಂ ಹತ್ತಿ ಸಾಧಾರಣ ಗಾಳಿಯಿಂದಲೇ ಏಳೆಂಟು ಗ್ರಾಂ ತೇವ ಹೀರಿಕೊಂಡಿರುತ್ತದೆ. ಉಣ್ಣೆ ಹದಿನೈದು ಗ್ರಾಂ ದಾಟುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ. ನೀರಿಗೆ ಅದು ಬಾಗಿಲು ಹಾಕಿಬಿಡುತ್ತದೆ. ಎಣ್ಣೆಗೆ ಮಾತ್ರ ಬಾಗಿಲು ತೆರೆದೇ ಇರುತ್ತದೆ. ಮೈಯಿಂದ ಬರುವ ಜಿಡ್ಡು ಅದಕ್ಕೆ ಅಂಟಿದರೆ ತಣ್ಣೀರಿನಲ್ಲಿ, ಅರ್ಧ ಗಂಟೆಯ ಮೆಷಿನ್ ಸುತ್ತಿನಲ್ಲಿ, ಪೂರ್ತಿ ಬಿಡುವುದಿಲ್ಲ.

(ಗದುಗಿನ ವೀರನಾರಾಯಣ ಗುಡಿಯಲ್ಲಿ ಒಬ್ಬ ಕವಿ ಜಳಕ ಮಾಡಿ, ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ ಕೂತು, ಬಟ್ಟೆ ಒಣಗುವವರೆಗೆ ಕಾವ್ಯ ಹೇಳುತ್ತಿದ್ದನಂತೆ. ಪಾಲಿಯೆಸ್ಟರ್ ಪಂಚೆ ಆಗಿದ್ದರೆ ನಮಗೆ ದಿನಕ್ಕೆ ನಾಲ್ಕು ಪದ್ಯವೂ ದಕ್ಕುತ್ತಿರಲಿಲ್ಲ.)

ಇನ್ನು ಬೆವರು. ಹೊಸ ಬೆವರಿಗೆ ವಾಸನೆಯೇ ಇಲ್ಲ ಅಂದರೆ ಜನ ನಂಬುವುದಿಲ್ಲ, ಆದರೆ ಅದು ಹೆಚ್ಚುಕಮ್ಮಿ ಉಪ್ಪುನೀರು. ಕಂಕುಳಲ್ಲಿ ಬೇರೆ ಗ್ರಂಥಿಗಳಿವೆ, ಅಲ್ಲಿಂದ ಸ್ವಲ್ಪ ಕೊಬ್ಬು, ಸ್ವಲ್ಪ ಪ್ರೋಟೀನ್ ಬರುತ್ತದೆ. ಅದನ್ನು ಅಲ್ಲೇ ವಾಸ ಮಾಡುವ ಬ್ಯಾಕ್ಟೀರಿಯಾ ತಿಂದು ಹೊರಬಿಡುವ ಹುಳಿ ಆಮ್ಲಗಳು, ಗಂಧಕ ಸೇರಿದ ವಸ್ತುಗಳು ನಮ್ಮ ಮೂಗಿಗೆ ಬಡಿಯುತ್ತವೆ. ಗಂಧಕದ ಜಾತಿಯದು ಎಳ್ಳಷ್ಟಿದ್ದರೂ ಮೂಗು ಹಿಡಿಯುತ್ತದೆ. ಸಂಜೆ ಆರಕ್ಕೆ ಚಿಗರಿ ಬಸ್ಸಿನಲ್ಲಿ ನಿಂತು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 26 ಜನರಿಂದ ಒಂದು ಗಂಟೆ ಜಿಮ್ಮಿನ ಸೈಕಲ್ ತುಳಿಸಿ, ಬೆವರಿದ ಟಿ-ಶರ್ಟುಗಳನ್ನು ಚೀಲದಲ್ಲಿ ಕಟ್ಟಿಟ್ಟು, 28 ಗಂಟೆ ಆದ ಮೇಲೆ ಮೂಸುವ ತರಬೇತಿ ಇದ್ದವರ ಕೈಗೆ ಕೊಟ್ಟರಂತೆ. 2014ರಲ್ಲಿ ಅದು ಪ್ರಕಟವಾಯಿತು. ಹತ್ತಿಗಿಂತ ಪಾಲಿಯೆಸ್ಟರ್ ಕೆಟ್ಟದಾಗಿ ನಾರುತ್ತಿತ್ತು. ಕಾರಣವೂ ಸಿಕ್ಕಿತು. ಮೈಕ್ರೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆಯುತ್ತಿತ್ತು. ಓದಿ ಮುಗಿಸಿದ ಮಗಳು, "ಅಪ್ಪಾ, ನೀನು ದಿನಾ ಮಾಡೋ ಕೆಲಸಕ್ಕೆ ಅಲ್ಲಿ ಸಂಬಳ ಕೊಡ್ತಾರೆ" ಅಂದಳು.

ನನಗೆ ಇನ್ನೂ ಹಿಡಿಸಿದ್ದು ಅದಕ್ಕಿಂತ ಹಳೆಯದು. 2007ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಹತ್ತಿ, ಉಣ್ಣೆ, ಪಾಲಿಯೆಸ್ಟರ್ ಮೂರನ್ನೂ ಕಂಕುಳಿಗೆ ಕಟ್ಟಿ ನೋಡಿದ್ದರು. ಪಾಲಿಯೆಸ್ಟರ್ ಎಲ್ಲಕ್ಕಿಂತ ಜಾಸ್ತಿ, ಉಣ್ಣೆ ಎಲ್ಲಕ್ಕಿಂತ ಕಡಿಮೆ. ಆದರೆ ಉಣ್ಣೆಯ ಮೇಲೆ ಬ್ಯಾಕ್ಟೀರಿಯಾ ಸತ್ತಿರಲಿಲ್ಲ! 28 ದಿನ ಕಳೆದರೂ ಜೀವ ಹಿಡಿದುಕೊಂಡಿದ್ದವು. ಅಂದರೆ ಬ್ಯಾಕ್ಟೀರಿಯಾದ ಲೆಕ್ಕಕ್ಕೂ ವಾಸನೆಯ ಲೆಕ್ಕಕ್ಕೂ ನೇರ ತಾಳೆ ಇಲ್ಲ. ಉಣ್ಣೆ ಆ ವಾಸನೆಯ ವಸ್ತುಗಳನ್ನು ತನ್ನೊಳಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದಿಡುತ್ತದೆ. ರಾಣೆಬೆನ್ನೂರ ಕಡೆಯ ಮೆಡ್ಲೇರಿ ಕಂಬಳಿ ಹೊದ್ದು ಕುರಿ ಕಾಯುವವರನ್ನು ಕೇಳಿ ನೋಡಿ. ವರ್ಷಗಟ್ಟಲೆ ಒಗೆಯದ ಕಂಬಳಿ ಮಳೆಯಲ್ಲಿ ನೆಂದರೆ ಕುರಿಯ ವಾಸನೆ ಬರುತ್ತದೆ, ಮನುಷ್ಯರದು ಬರುವುದಿಲ್ಲ. ಹಾಗಂತ ಕಂಬಳಿಯಲ್ಲಿ ಅಂಗಿ ಹೊಲಿಸಿಕೊಂಡು ಬೆಟ್ಟ ಹತ್ತಿ ಅಂತ ನಾನು ಹೇಳುತ್ತಿಲ್ಲ, ಮೈಯೆಲ್ಲ ಕೆರೆದುಕೊಳ್ಳಬೇಕಾದೀತು.

ಈಗ ಲೇಬಲ್ಲಿನ ಮಾತಿಗೆ ಬರೋಣ.

ವಾಸನೆ ತಡೆಯುವ ಅಂಗಿಗೆ ಕಂಪನಿಗಳು ಮಾಡುವುದು ಮುಖ್ಯವಾಗಿ ಎರಡು ಥರ. ಒಂದು, ಬ್ಯಾಕ್ಟೀರಿಯಾ ಬೆಳೆಯದ ಹಾಗೆ ಮದ್ದು ಸೇರಿಸುವುದು. ಬೆಳ್ಳಿಯ ಉಪ್ಪು, ಸತುವಿನ ವಸ್ತುಗಳು, ತಲೆಹೊಟ್ಟಿನ ಶಾಂಪೂವಿನಲ್ಲಿ ಬರುವ ಜಿಂಕ್ ಪೈರಿಥಿಯೋನ್, ಆಸ್ಪತ್ರೆಯ ನೆಲ ಒರೆಸುವ ದ್ರಾವಣಗಳ ಸಂಬಂಧಿಯಾದ ಕ್ವಾಟ್‌ಗಳು, ಹಿಂದೆ ಟ್ರೈಕ್ಲೋಸಾನ್ ಕೂಡ. ಇನ್ನೊಂದು, ಯಾರನ್ನೂ ಕೊಲ್ಲದೆ ವಾಸನೆಯನ್ನೇ ಹಿಡಿದಿಡುವುದು. ತೆಂಗಿನ ಚಿಪ್ಪಿನ ಇದ್ದಿಲನ್ನು ಎಳೆಯಲ್ಲೇ ಬೆರೆಸುತ್ತಾರೆ, ಇಲ್ಲವೇ ಪಿಷ್ಟದಿಂದ ಮಾಡಿದ ಸೈಕ್ಲೋಡೆಕ್ಸ್‌ಟ್ರಿನ್ ಅನ್ನುವ ಉಂಗುರದಾಕಾರದ ವಸ್ತು ಬಳಸುತ್ತಾರೆ. ಉಂಗುರದೊಳಗೆ ವಾಸನೆ ಸಿಕ್ಕಿಕೊಳ್ಳುತ್ತದೆ, ಒಗೆದಾಗ ಬಿಡುತ್ತದೆ. ನನ್ನ ಮನಸ್ಸು ಈ ಎರಡನೇ ಥರದ ಕಡೆಗೇ. ಕಂಬಳಿ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಮದ್ದು ಸೇರಿಸುವ ಬಗೆಯಲ್ಲೂ ವ್ಯತ್ಯಾಸವಿದೆ, ನಿಜವಾದ ಗುಟ್ಟು ಅಲ್ಲೇ ಇರುವುದು. ಕರಗಿದ ಪಾಲಿಯೆಸ್ಟರಿಗೇ ಬೆಳ್ಳಿಯ ಪುಡಿ ಬೆರೆಸಿ ಎಳೆ ತೆಗೆದರೆ ಅದು ಎಳೆಯ ಹೊಟ್ಟೆಯಲ್ಲಿರುತ್ತದೆ. ಬೇಗ ಹೋಗುವುದಿಲ್ಲ, ಆದರೆ ಮೇಲ್ಮೈಗೆ ಬರುವುದೂ ಕಡಿಮೆ. ಅಗ್ಗದ ದಾರಿ ಬೇರೆ. ನೇಯ್ದ ಬಟ್ಟೆಯನ್ನು ಮದ್ದಿನ ತೊಟ್ಟಿಯಲ್ಲಿ ಮುಳುಗಿಸಿ, ಎರಡು ರೋಲರ್ ನಡುವೆ ಹಿಂಡಿ, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಅಂಟಿನ ಜೊತೆ ಮದ್ದು ಮೇಲೆ ಕೂರುತ್ತದೆ. ನಾವು ಕಾಟನ್ ಸೀರೆಗೆ ಗಂಜಿ ಹಾಕುವುದಕ್ಕೆ ಇದು ದೂರದ ನೆಂಟ. ಗಂಜಿ ಎಷ್ಟು ಒಗೆತಕ್ಕೆ ಉಳಿಯುತ್ತದೆ ಅಂತ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾರೆ. ಇದು ಗಂಜಿಗಿಂತ ಗಟ್ಟಿ, ಒಪ್ಪಿದೆ. ಆದರೆ ಶಾಶ್ವತವೇ?

ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಇಬ್ಬರು 2008ರಲ್ಲಿ ಅಂಗಡಿಯಲ್ಲಿ ಸಿಗುವ ಬೆಳ್ಳಿಯ ಕಾಲುಚೀಲಗಳನ್ನು ತಂದು ನೀರಿನಲ್ಲಿ ಅಲುಗಾಡಿಸಿ ನೋಡಿದರು. ಕೆಲವು ಜೊತೆ ಕಾಲುಚೀಲ ನಾಲ್ಕೇ ಒಗೆತದಲ್ಲಿ ಹೆಚ್ಚುಕಮ್ಮಿ ಎಲ್ಲ ಬೆಳ್ಳಿಯನ್ನೂ ನೀರಿಗೆ ಬಿಟ್ಟಿದ್ದವು. ಇನ್ನು ಕೆಲವು ಬಿಟ್ಟಿದ್ದು ಬಹಳ ಕಡಿಮೆ. ಈ ಎರಡನೇ ಮಾತೇ ನನಗೆ ಮುಖ್ಯ. ಚೆನ್ನಾಗಿ ಮಾಡಿದವರೂ ಇದ್ದಾರೆ, ಸುಮ್ನೆ ಅದ್ದಿ ತೆಗೆದವರೂ ಇದ್ದಾರೆ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಲೇಬಲ್, ಒಂದೇ ಬೆಲೆ. ಗಿರಾಕಿಗೆ ಗೊತ್ತಾಗುವುದು ಹನ್ನೆರಡನೇ ಗೆರೆ ಎಳೆದ ಮೇಲೆ, ಆಗ ಬೈಸಿಕೊಳ್ಳುವವನು ನಾನು.

99.9ರ ಕಥೆ ಇನ್ನೊಂದು. ಐಎಸ್ಒ 20743 ಅಂತ ಒಂದು ಪರೀಕ್ಷೆ ಇದೆ. ಬಟ್ಟೆಯ ಚೂರಿನ ಮೇಲೆ ಬ್ಯಾಕ್ಟೀರಿಯಾ ಬಿಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿ 18ರಿಂದ 24 ಗಂಟೆ ಇಟ್ಟು, ಎಷ್ಟು ಉಳಿದವು ಅಂತ ಎಣಿಸುತ್ತಾರೆ. ಒಳ್ಳೆಯ ಪರೀಕ್ಷೆಯೇ. ಆದರೆ ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಿಡುವುದು ಗಾಯ ಕೀವಾಗಿಸುವ ಸ್ಟ್ಯಾಫಿಲೋಕಾಕಸ್ ಆರಿಯಸ್, ನ್ಯುಮೋನಿಯಾ ತರುವ ಕ್ಲೆಬ್ಸಿಯೆಲ್ಲಾ. ಕಂಕುಳನ್ನು ನಾರಿಸುವವರು ಬೇರೆ: ಕೋರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೋಕಾಕಸ್ ಹೋಮಿನಿಸ್. ಕಳ್ಳನ ಬದಲು ಪಕ್ಕದ ಓಣಿಯವನನ್ನು ಹಿಡಿದು ತಂದು ಕೇಸ್ ಮುಗಿಯಿತು ಅಂದ ಹಾಗೆ. ಇನ್ನು ಆ 99.9 ಅನ್ನುವ ಅಂಕಿ. ಹತ್ತು ಲಕ್ಷದಲ್ಲಿ 99.9 ಶೇಕಡಾ ಸತ್ತರೆ ಒಂದು ಸಾವಿರ ಉಳಿಯುತ್ತವೆ. ಅವು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾದರೆ ಐದು ಗಂಟೆಯಲ್ಲಿ ಮತ್ತೆ ಹತ್ತು ಲಕ್ಷ. ಅದೂ ಅಲ್ಲದೆ, ವಾಸನೆಯ ದೊಡ್ಡ ಪಾಲು ತಯಾರಾಗುವುದು ಚರ್ಮದ ಮೇಲೆ. ಅಂಗಿಯಲ್ಲಿರುವ ಬೆಳ್ಳಿ ಕಂಕುಳಿಗೆ ಇಳಿದು ಬರುವುದಿಲ್ಲ. ಅಲ್ಲಿ ಹುಟ್ಟಿದ ವಾಸನೆಯನ್ನು ಎಣ್ಣೆಪ್ರಿಯ ಪಾಲಿಯೆಸ್ಟರ್ ಹೀರಿಕೊಂಡು ಒಳಗಿಟ್ಟುಕೊಳ್ಳುತ್ತದೆ.

ಒಳಗಿಟ್ಟುಕೊಂಡಿದೆ ಅಂತ ತಿಳಿಯುವುದು ಹೇಗೆ? ಲ್ಯಾಬ್ ಬೇಡ, ನನ್ನ ಇಸ್ತ್ರಿ ಸಾಕು. ಒಗೆದು, ಬಿಸಿಲಿಗೆ ಒಣಗಿಸಿದ ಜೆರ್ಸಿಯನ್ನು ಮೂಸಿ ನೋಡಿದರೆ ಸೋಪಿನ ವಾಸನೆ ಮಾತ್ರ. ಇಸ್ತ್ರಿ ಪೆಟ್ಟಿಗೆ ಕಂಕುಳ ಭಾಗಕ್ಕೆ ತಾಗಿತು ನೋಡಿ, ಹಿಂದಿನ ತಿಂಗಳ ಬೆವರು ಎದ್ದು ಮುಖಕ್ಕೆ ಬಡಿಯುತ್ತದೆ. ಬಿಸಿಗೆ ಎಳೆ ಸಡಿಲವಾಗಿ, ಹಿಡಿದಿಟ್ಟಿದ್ದನ್ನೆಲ್ಲ ಬಿಡುತ್ತದೆ. ಬೆಟ್ಟ ಹತ್ತುವಾಗ ಮೈ ಬಿಸಿಯಾಗಿ ಆಗುವುದೂ ಇದೇ. ಬೆಳಿಗ್ಗೆ ಹಾಕಿಕೊಂಡಾಗ ಘಮಘಮ, ಅರ್ಧ ದಾರಿಗೆ ಬರುವಷ್ಟರಲ್ಲಿ ಪಕ್ಕದವನು ಮೂಗು ಮುಚ್ಚಿಕೊಳ್ಳುತ್ತಾನೆ. ನಮ್ಮ ದಂಧೆಯಲ್ಲಿ ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಇದು. ಯಾವ ಲೇಬಲ್ಲಿನಲ್ಲೂ ಇಲ್ಲ.

ಬಿಟ್ಟ ಬೆಳ್ಳಿ ಎಲ್ಲಿಗೆ ಹೋಗುತ್ತದೆ? ನನ್ನ ಅಂಗಡಿಯ ನೀರು ಗಟಾರಿಗೆ, ಗಟಾರದಿಂದ ನಾಲೆಗೆ. ಹುಬ್ಬಳ್ಳಿ-ಧಾರವಾಡದ ಕೆಳಗಿನ ಹಳ್ಳಿಗಳಲ್ಲಿ ಆ ನಾಲೆಯ ನೀರೆತ್ತಿ ಕಾಯಿಪಲ್ಲೆ ಬೆಳೆಯುವ ರೈತರಿದ್ದಾರೆ, ಅದು ನಮ್ಮ ಸಂತೆಗೇ ಬರುತ್ತದೆ. ಇಲ್ಲಿ ನಾನು ಜನರನ್ನು ಹೆದರಿಸಲು ಹೋಗುವುದಿಲ್ಲ. ಕೊಳಚೆಯಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಅದರ ಜೊತೆ ಸೇರಿ ಕಪ್ಪು ಸಲ್ಫೈಡ್ ಆಗಿ ಕೆಳಗೆ ಕೂರುತ್ತದೆ. ಮನೆಯ ಬೆಳ್ಳಿ ಲೋಟ ಕಪ್ಪಾಗುತ್ತದಲ್ಲ, ಅದೇ ವಸ್ತು. ಹಾಗಾದ ಮೇಲೆ ಅದರ ವಿಷದ ಗುಣ ಬಹಳ ಇಳಿಯುತ್ತದೆ. ಆದರೆ ಬೇರೆ ಮದ್ದುಗಳ ಬಗ್ಗೆ ಇಷ್ಟು ಸಲೀಸಾಗಿ ಹೇಳುವ ಹಾಗಿಲ್ಲ. ಜಿಂಕ್ ಪೈರಿಥಿಯೋನನ್ನು ಯುರೋಪಿನವರು 2022ರ ಮಾರ್ಚ್‌ನಿಂದ ಶಾಂಪೂ, ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದ್ದಾರೆ. ಟ್ರೈಕ್ಲೋಸಾನನ್ನು ಕೈ ತೊಳೆಯುವ ಸೋಪಿನಿಂದ ತೆಗೆಯಿರಿ ಅಂತ ಅಮೆರಿಕ 2016ರಲ್ಲಿ ಹೇಳಿತು. ಯಾವ ಅಂಗಿಯಲ್ಲಿ ಯಾವುದಿದೆ ಅಂತಲೇ ಬರೆಯದಿದ್ದರೆ ನಾವು ಗಟಾರಿಗೆ ಏನು ಬಿಡುತ್ತಿದ್ದೇವೆ ಅಂತ ನನಗೆ ತಿಳಿಯುವುದಾದರೂ ಹೇಗೆ? ದಿನವಿಡೀ ಅದರಲ್ಲಿ ಕೈ ಅದ್ದುವವನು ನಾನು.

ಬೇರೆ ಕಡೆ ಇದಕ್ಕೆ ನಿಯಮ ಇದೆ. ಯುರೋಪಿನಲ್ಲಿ 528/2012 ಅನ್ನುವ ಕಾನೂನು 2013ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಬ್ಯಾಕ್ಟೀರಿಯಾ ತಡೆಯುತ್ತದೆ ಅಂತ ಹೇಳಿ ಬಟ್ಟೆ ಮಾರುವವನು ಯಾವ ಮದ್ದು ಹಾಕಿದ್ದೇನೆ ಅಂತ ಲೇಬಲ್ಲಿನಲ್ಲಿ ಹೆಸರು ಬರೆಯಬೇಕು. ನ್ಯಾನೋ ಕಣವಾಗಿದ್ದರೆ ಅದನ್ನೂ ಹೇಳಬೇಕು. ಗಿರಾಕಿ ಕೇಳಿದರೆ 45 ದಿನದೊಳಗೆ ಪುಕ್ಕಟೆಯಾಗಿ ಮಾಹಿತಿ ಕೊಡಬೇಕು. ಅಮೆರಿಕದಲ್ಲಿ ಬಟ್ಟೆಯನ್ನು ವಾಸನೆಯಿಂದ ಕಾಪಾಡುತ್ತದೆ ಅನ್ನಬಹುದು, ನಿಮ್ಮ ಆರೋಗ್ಯ ಕಾಪಾಡುತ್ತದೆ ಅನ್ನಬೇಕಾದರೆ ಪುರಾವೆ ಕೊಟ್ಟು ನೋಂದಣಿ ಮಾಡಿಸಬೇಕು. 2009ರಲ್ಲಿ ಬೆಳ್ಳಿ ಸೇರಿಸಿದ ಶೂಗಳ ಬಗ್ಗೆ ಹೆಚ್ಚಿಗೆ ಹೇಳಿಕೊಂಡ ಒಂದು ದೊಡ್ಡ ಕಂಪನಿಯ ಮೇಲೆ ಅಲ್ಲಿನ ಪರಿಸರ ಸಂಸ್ಥೆ ಕೇಸು ಹಾಕಿತ್ತು.

ನಮ್ಮಲ್ಲೂ ಕಾನೂನಿಗೆ ಬರಗಾಲ ಇಲ್ಲ, ಮಾನ್ಯರೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಾನೇ ನಿಮ್ಮ ಪ್ರಾಧಿಕಾರ ಹುಟ್ಟಿದ್ದು. ವಸ್ತುವಿನ ಗುಣಮಟ್ಟ, ಪ್ರಮಾಣ, ಶಕ್ತಿ, ಶುದ್ಧತೆ ತಿಳಿಯುವ ಹಕ್ಕು ಗ್ರಾಹಕನಿಗಿದೆ ಅಂತ ಅದರಲ್ಲೇ ಬರೆದಿದೆ. ತಪ್ಪು ದಾರಿಗೆ ಎಳೆಯುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ನಿಮ್ಮ ಕೈಯಲ್ಲಿದೆ. ಹೇಳಿದ್ದಕ್ಕೆ ಪುರಾವೆ ಇರಬೇಕು ಅಂತ 2022ರ ಜೂನ್‌ನಲ್ಲಿ ನೀವೇ ಮಾರ್ಗಸೂಚಿ ಹೊರಡಿಸಿದ್ದೀರಿ. 2024ರ ಅಕ್ಟೋಬರಿನಲ್ಲಿ ಪರಿಸರಸ್ನೇಹಿ ಅಂತ ಸುಮ್ನೆ ಬರೆದುಕೊಳ್ಳುವವರಿಗೂ ಮೂಗುದಾರ ಹಾಕಿದಿರಿ. ಅದೇ ದಾರದಲ್ಲಿ ಇನ್ನೊಂದು ಗಂಟು ಹಾಕಿ ಅನ್ನುವುದು ನನ್ನ ಕೋರಿಕೆ.

ವಾಸನೆ ತಡೆಯುತ್ತದೆ ಅಂತ ಬರೆಯುವ ಪ್ರತಿ ಅಂಗಿಯ ಮೇಲೆ ಮದ್ದಿನ ಹೆಸರು ಇರಲಿ. ಎಷ್ಟು ಒಗೆತದ ನಂತರ ಪರೀಕ್ಷೆ ಮಾಡಿದ್ದು, ಆಗ ಎಷ್ಟು ಉಳಿದಿತ್ತು ಅನ್ನುವ ಒಂದು ಅಂಕಿ ಇರಲಿ. ಇಪ್ಪತ್ತು ಒಗೆತ ಅಂದರೆ ಇಪ್ಪತ್ತು ಅಂತಲೇ ಬರೆಯಲಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಬಲ್ಬಿನ ಡಬ್ಬಿಯ ಮೇಲೆ ಎಷ್ಟು ಗಂಟೆ ಉರಿಯುತ್ತದೆ ಅಂತ ಬರೆಯುವುದಿಲ್ಲವೇ? ಶಾಶ್ವತ ಅನ್ನುವ ಪದವನ್ನು ಮಾತ್ರ ತೆಗೆಸಿ. ಒಗೆಯುವ ವಿಧಾನವನ್ನು ಮಾರುವ ರಾಜ್ಯದ ಭಾಷೆಯಲ್ಲಿ ಬರೆಸಿ. ಅಂಗಿ ಕೊಳ್ಳುವವನು ಇಂಗ್ಲಿಷ್ ಓದಿಯಾನು. ಒಗೆಯುವವರು ಮನೆಯ ತಾಯಂದಿರು, ಕೆಲಸದವರು, ನನ್ನಂಥವರು. ಬ್ಲೀಚ್ ಹಾಕಿದರೆ ಬೆಳ್ಳಿಯ ಲೇಪ ಕೆಡುತ್ತದೆ ಅಂತ ಯಾರಿಗೂ ತಿಳಿಯದ ಭಾಷೆಯಲ್ಲಿ ಬರೆದು, ಆಮೇಲೆ ತಪ್ಪು ನಿಮ್ಮದೇ ಅನ್ನುವುದು ಯಾವ ನ್ಯಾಯ?

ಪರೀಕ್ಷೆಗೆ ಜಾಗವಿಲ್ಲ ಅನ್ನಬೇಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ಜವಳಿಗೆಂದೇ ಒಂದು ವಿಭಾಗ ಇದೆ. ಅದೇ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲೇ 1972ರಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು ವರಲಕ್ಷ್ಮಿ ಹತ್ತಿ ತಳಿ ಕೊಟ್ಟಿದ್ದು. ಎಳೆಯ ವಿಷಯದಲ್ಲಿ ನಮ್ಮ ಸೀಮೆ ಯಾರಿಗೂ ಕಡಿಮೆ ಇಲ್ಲ. ಇಲ್ಲೇ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. 2021ರ ಡಿಸೆಂಬರಿನಲ್ಲಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಬಾವುಟಕ್ಕೆ ಬೆವರು ಬರುವುದಿಲ್ಲ, ಹಾಗಾಗಿ ಆ ಜಗಳವನ್ನು ಈ ಪತ್ರದಲ್ಲಿ ತರುವುದಿಲ್ಲ.

ಇನ್ನು ನನ್ನ ಊರಿನವರಿಗೆ ಎರಡು ಮಾತು.

ಈ ಅಂಗಿಗಳು ಮೋಸ ಅಂತ ನಾನು ಹೇಳಲಿಲ್ಲ. ಮೂರು ದಿನ ಕಾಡಿನಲ್ಲಿ ನಡೆಯುವವನಿಗೆ, ಒಂದೇ ಅಂಗಿ ಹೊತ್ತು ಹೋಗುವವನಿಗೆ, ಒಳ್ಳೆಯದಾಗಿ ಮಾಡಿದ ಲೇಪ ನಿಜವಾಗಿ ಉಪಯೋಗ. ಎಂಟು ದಿನಕ್ಕೊಮ್ಮೆ ನಲ್ಲಿ ನೀರು ನೋಡಿದ ಹುಬ್ಬಳ್ಳಿಯವರಿಗೆ ಒಂದು ಒಗೆತ ಉಳಿದರೂ ಅದು ನಾಲ್ಕು ಕೊಡ ನೀರು. ದಿನಾ ಸಂಜೆ ವಾಕಿಂಗ್ ಮುಗಿಸಿ ಮನೆಗೆ ಬರುವವರಿಗೆ ಮಾತ್ರ ಎರಡು ಸಾವಿರದ ಅಂಗಿ ದಂಡ.

ಬೆವರಿದ ಅಂಗಿಯನ್ನು ಬ್ಯಾಗಿನಲ್ಲಿ ತುರುಕಿ ಸೋಮವಾರದವರೆಗೆ ಮರೆಯಬೇಡಿ. ಘೆಂಟ್‌ನವರು ಬೇಕಂತಲೇ ಮಾಡಿದ್ದನ್ನು ನೀವು ಪುಕ್ಕಟೆ ಮಾಡಿದಂತಾಗುತ್ತದೆ. ತಕ್ಷಣ ಒಗೆಯಲಾಗದಿದ್ದರೆ ನೀರಿನಲ್ಲಿ ಜಾಲಿಸಿ ನೆರಳಲ್ಲಿ ಹರವಿ. ಒಗೆಯುವಾಗ ಒಳಮೈ ಹೊರಗೆ ಮಾಡಿ, ಜಿಡ್ಡು ಇರುವುದು ಒಳಗಡೆ. ಉಗುರುಬೆಚ್ಚಗಿನ ನೀರು, ಎನ್‌ಜೈಮ್ ಇರುವ ಪುಡಿ, ಅರ್ಧ ಗಂಟೆ ನೆನೆ. ಪುಡಿ ಜಾಸ್ತಿ ಹಾಕಿದರೆ ವಾಸನೆ ಬೇಗ ಹೋಗುತ್ತದೆ ಅನ್ನುವುದು ತಪ್ಪು, ತೊಳೆಯದೆ ಉಳಿದ ಪುಡಿಯೇ ಕೊಳೆ ಹಿಡಿಯುತ್ತದೆ. ನಮ್ಮ ಬೋರಿನ ಗಡಸು ನೀರಿಗಂತೂ ಇದು ಇನ್ನೂ ಜಾಸ್ತಿ. ವಾಸನೆ ಹಳೆಯದಾಗಿದ್ದರೆ ಒಂದು ಬಕೆಟ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ನೆನೆಸಿ, ಆಮೇಲೆ ಎಂದಿನಂತೆ ಒಗೆಯಿರಿ. ಅಪ್ಪನ ಕಾಲದ ಮದ್ದು, ಜಿಡ್ಡು ಬಿಡಿಸುತ್ತದೆ. ಕೈ ಒಣಗುತ್ತದೆ, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಲೇಬಲ್ ನಂಬಿ ದುಡ್ಡು ಕಳೆದುಕೊಂಡವರು 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅದು ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ. ಲಾಂಡ್ರಿಯವನನ್ನು ಬೈಯುವುದನ್ನು ಅದಾದ ಮೇಲೆ ಇಟ್ಟುಕೊಳ್ಳಿ.

ಮಾನ್ಯರೇ, ನಿಮ್ಮ ಕಚೇರಿಯ ಯಾರಾದರೂ ಈ ಕಡೆ ಬಂದರೆ ನೀಲಿ ಅಂಗಿ ಮೊಳೆಯಲ್ಲೇ ಇರುತ್ತದೆ. ಹೋದ ವಾರವಷ್ಟೇ ಒಗೆದು ಬಿಸಿಲಿಗೆ ಹಾಕಿದ್ದೇನೆ. ಮೂಸಿ ನೋಡಿದರೆ ಏನೂ ಇಲ್ಲ. ನೀವು ಬರುವ ದಿನ ತಿಳಿಸಿ, ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಇಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲಾಂಡ್ರಿಯವನು
ಹುಬ್ಬಳ್ಳಿ